ರೇಡಿಯೋ ಅಕ್ಕನ ಲೈಸೆನ್ಸು

ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ಕೂರುವ ಸೆಕ್ಯುರಿಟಿಯವರು ಅವಳಿಗೆ ಇಟ್ಟ ಹೆಸರು ರೇಡಿಯೋ ಅಕ್ಕ. ಲಾಂಡ್ರಿಯ ವ್ಯಾನು ತಿರುವಿನಲ್ಲಿ ಕಂಡರೆ ಸಾಕು, "ಬಂತಪ್ಪಾ ರೇಡಿಯೋ" ಎನ್ನುತ್ತಾ ಒಬ್ಬ ಎದ್ದು ಗೇಟು ತೆಗೆಯುತ್ತಿದ್ದ. ಗಂಡ ಸ್ಟೇರಿಂಗ್ ಹಿಡಿದು ಬಿಗಿದುಕೊಂಡು ಕೂತಿರುತ್ತಿದ್ದ. ಪಕ್ಕದ ಸೀಟಿನಲ್ಲಿ ಇವಳ ಬಾಯಿ ಒಂದೇ ಸಮನೆ ಆಡುತ್ತಿತ್ತು. ಗಾಜಿನ ಆಚೆ ನಿಂತವರಿಗೆ ಮಾತು ಕೇಳಿಸುವುದಿಲ್ಲ, ತುಟಿ ಮಾತ್ರ ಕಾಣುತ್ತದೆ. ಪಾಪ ಆ ಮನುಷ್ಯ ಹೇಗೆ ತಡ್ಕೋತಾನೋ ಎಂದು ನರ್ಸುಗಳು ನಗುತ್ತಿದ್ದರು. ಅವಳೂ ಜೊತೆಗೆ ನಗುತ್ತಿದ್ದಳು. ನಗದೆ ಇನ್ನೇನು ಮಾಡುತ್ತಾಳೆ? ತಾನು ಬಾಯಿ ಮುಚ್ಚಿದರೆ ವ್ಯಾನು ಯಾರ ಮೇಲಾದರೂ ಹೋಗುತ್ತದೆ ಎಂದು ಅವರಿಗೆ ಹೇಳಲಾಗುತ್ತದೆಯೇ?

ಅವಳು ಆಡುತ್ತಿದ್ದದ್ದು ಹರಟೆಯಲ್ಲ. "ಎಡಗಡೆ ಸೈಕಲ್. ಬಲಗಡೆಯಿಂದ ಆಟೋ ಬರ್ತಿದೆ, ತಡೀರಿ. ಈಗ ಖಾಲಿ, ಹೋಗಿ. ಅಂಗಡಿ ಮುಂದೆ ಹೆಂಗಸು, ಕೈಯಲ್ಲಿ ಮಗು. ನಿಲ್ಸಿ, ನಿಲ್ಸಿ. ಹೂಂ, ದಾಟಿದ್ಲು." ಮನೆಯಿಂದ ಹೊರಟಾಗ ಶುರುವಾದರೆ ಮರಳಿ ಬಂದು ಎಂಜಿನ್ ಆರಿಸುವವರೆಗೂ ಇದೇ.

ಗಂಡನ ಕಣ್ಣು ಅಂಚಿನಿಂದ ಒಳಕ್ಕೆ ಸಾಯುತ್ತಾ ಬರುತ್ತಿತ್ತು. ಮೊದಲು ಅವನಿಗೇ ಗೊತ್ತಾಗಲಿಲ್ಲ. ಬಾಗಿಲ ಚೌಕಟ್ಟಿಗೆ ಹೆಗಲು ತಗಲುವುದು, ಪಕ್ಕದಲ್ಲಿಟ್ಟ ನೀರಿನ ಲೋಟ ಕೈತಾಗಿ ಉರುಳುವುದು, ಇವೆಲ್ಲ ಆಯಾಸದ ಲೆಕ್ಕಕ್ಕೆ ಹೋದವು. ಆಮೇಲೆ ಕಣ್ಣಿನ ಡಾಕ್ಟರು ನೋಡಿ, ಎದುರಿನದು ಮಾತ್ರ ಉಳಿದಿದೆ, ಅಕ್ಕಪಕ್ಕದ್ದು ಹೋಯಿತು, ಹೋದದ್ದು ಬರುವುದಿಲ್ಲ, ಇನ್ನು ಮೇಲೆ ಗಾಡಿ ಮುಟ್ಟಬೇಡಿ ಎಂದರು. ಅವನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, "ಕೊಳವೆಯೊಳಗಿಂದ ನೋಡ್ದಂಗೆ ಕಾಣತ್ತೆ ಕಣೇ. ಎದುರಿಗೆ ಇರೋದು ಚೆನ್ನಾಗೇ ಕಾಣತ್ತೆ" ಎಂದ. ಸ್ವಲ್ಪ ಹೊತ್ತಾದ ಮೇಲೆ, "ಯಾರಿಗೂ ಹೇಳ್ಬೇಡ" ಎಂದ. ಅವಳು ಹೇಳಲಿಲ್ಲ. ಮಾರನೆಯ ದಿನದಿಂದ ಮೂಟೆ ಎತ್ತಿ ಇಳಿಸುವ ನೆಪದಲ್ಲಿ ವ್ಯಾನು ಹತ್ತಿ ಅವನ ಪಕ್ಕ ಕೂತಳು.

ತಪ್ಪಲ್ಲವೇ ಎಂದು ಕೇಳಿದರೆ, ತಪ್ಪೇ. ಅದರಲ್ಲಿ ಅನುಮಾನವಿಲ್ಲ. ಆದರೆ ಅವರ ಮನೆಯನ್ನೂ ಒಮ್ಮೆ ನೋಡಬೇಕು. ಲಾಂಡ್ರಿಯ ಬಾಯ್ಲರಿನ ಹಿಂದಿನ ಗೋಡೆಗೆ ಆನಿಸಿಕೊಂಡು ಕಟ್ಟಿದ ಒಂದು ಕೋಣೆ, ಅದರ ಮುಂದೆ ತಗಡಿನ ಮಾಡಿನ ಅಡುಗೆಮನೆ. ಡ್ರೈವರ್ ಕೆಲಸದ ಜೊತೆಗೆ ಬಂದ ಮನೆ ಅದು, ಕೆಲಸ ಹೋದರೆ ಮನೆಯೂ ಹೋಗುತ್ತದೆ. ಒಳಗೆ ಮೂಲೆಯ ಮಂಚದಲ್ಲಿ ಅತ್ತೆ. ಬಾಯ್ಲರಿನ ಕಾವಿಗೆ ಗೋಡೆ ಸದಾ ಬೆಚ್ಚಗಿರುವುದರಿಂದ ಅವರ ಮಂಡಿ ನೋವಿಗೆ ಅದೇ ಔಷಧ. ಮಗನ ಕಣ್ಣಿನ ವಿಷಯ ಅವರಿಗೂ ಗೊತ್ತಿರಲಿಲ್ಲ. ಸೊಸೆ ಮನೆಗೆಲಸ ತಪ್ಪಿಸಿಕೊಂಡು ಗಂಡನ ಜೊತೆ ಸವಾರಿ ಹೋಗುತ್ತಾಳೆ ಎಂದೇ ಅವರು ತಿಳಿದಿದ್ದರು, ತಿಳಿದದ್ದನ್ನು ಬಾಯಿ ಬಿಟ್ಟು ಹೇಳುತ್ತಲೂ ಇದ್ದರು.

ಅವಳು ಮದುವೆಯಾಗಿ ಬಂದಾಗಿನಿಂದ ಆ ಲಾಂಡ್ರಿಯಲ್ಲೇ ದುಡಿದವಳು. ಮೊದಲು ತೊಳೆಯುವ ಕಡೆ, ಆಮೇಲೆ ಹಾಸಿಗೆ ಬಟ್ಟೆಗಳನ್ನು ಬಿಸಿ ರೋಲರಿಗೆ ಕೊಡುವ ಕಡೆ. ಮುಂಗೈ ಮೇಲೆ ಸುಟ್ಟ ಗೆರೆಗಳಿದ್ದವು. ಆಸ್ಪತ್ರೆಯಿಂದ ಬಂದ ಮೂಟೆ ಬಿಚ್ಚಿದರೆ ಅದು ಯಾವ ವಾರ್ಡಿನದೆಂದು ಕಲೆ ನೋಡಿಯೇ ಹೇಳುತ್ತಿದ್ದಳು. ಹೆರಿಗೆಯದು ಬೇರೆ, ಆಪರೇಷನ್ನಿನದು ಬೇರೆ, ಅಪಘಾತದ್ದು ಇನ್ನೂ ಬೇರೆ. ಅಪಘಾತದ ಬಟ್ಟೆಯಲ್ಲಿ ರಕ್ತದ ಜೊತೆಗೆ ಮಣ್ಣಿರುತ್ತದೆ. ಮಣ್ಣು ಬಿಡುತ್ತದೆ, ರಕ್ತ ಬಿಡುವುದಿಲ್ಲ ಎನ್ನುತ್ತಿದ್ದಳು, ಸೊಪ್ಪಿನ ಬೆಲೆ ಹೇಳುವಷ್ಟು ಸಲೀಸಾಗಿ.

ಲೈಸೆನ್ಸು ತೆಗೆದುಕೊಳ್ಳುವ ಯೋಚನೆ ಅವಳಿಗೆ ಬಂದದ್ದು ಒಂದು ನಾಯಿಯಿಂದ. ಶಾಲೆಯ ಮುಂದಿನ ರಸ್ತೆಯಲ್ಲಿ ಅವಳಿಗೆ ಸೀನು ಬಂತು. ಸೀನಿ ಕಣ್ಣು ತೆರೆಯುವಷ್ಟರಲ್ಲಿ ಎಡಗಡೆಯಿಂದ ನುಗ್ಗಿದ ನಾಯಿಯೊಂದು ಚಕ್ರದಿಂದ ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಕುಂಯ್‌ಗುಡುತ್ತಾ ಓಡುತ್ತಿತ್ತು. ಗಂಡ ಅದನ್ನು ನೋಡಿಯೇ ಇರಲಿಲ್ಲ. ಇವತ್ತು ನಾಯಿ, ನಾಳೆ ಅದೇ ಶಾಲೆಯ ಮಗು. ತನ್ನ ಒಂದು ಸೀನಿನ ಮೇಲೆ ಯಾರದೋ ಜೀವ ನಿಂತಿದೆ ಎನ್ನುವುದು ಅವತ್ತು ಅವಳಿಗೆ ನೆಟ್ಟಗೆ ಅರ್ಥವಾಯಿತು. ಏನಾದರೂ ಆಗುವ ಮೊದಲು ತಾನು ಆ ಸೀಟಿಗೆ ಹೋಗಬೇಕು, ಅವನು ಈ ಸೀಟಿಗೆ ಬರಬೇಕು.

ಲಾಂಡ್ರಿಯ ಯಜಮಾನ ಅಡ್ಡಿ ಮಾಡಲಿಲ್ಲ. "ಯಾರು ಓಡಿಸಿದ್ರೆ ನನಗೇನಮ್ಮ? ಬಟ್ಟೆ ಹೊತ್ತಿಗೆ ಸರಿಯಾಗಿ ತಲುಪ್ಬೇಕು. ಆದ್ರೆ ಲೈಸೆನ್ಸ್ ಕೈಗೆ ಬರೋ ತನಕ ಮೂಟೆ ತುಂಬಿರೋ ಗಾಡಿ ಮುಟ್ಟೋ ಹಾಗಿಲ್ಲ. ಎಲ್ ಬೋರ್ಡ್ ನೇತಾಕ್ಕೊಂಡು ಆಸ್ಪತ್ರೆಗೆ ಹೋದ್ರೆ ನನ್ನ ಮಾನ ಹೋಗತ್ತೆ" ಎಂದು ಕಡ್ಡಿ ಮುರಿದಂತೆ ಹೇಳಿದ. ನಂತರ ನಗುತ್ತಾ, "ನಿಮ್ಮೆಜಮಾನ್ರು ಮೂಟೆ ಹೊರ್ತಾರಾ?" ಎಂದ. ಹೊರುತ್ತಾರೆ ಎಂದಳು. ಅದನ್ನು ಗಂಡನಿಗೆ ಹೇಳಿದಾಗ ಅವನು ಆ ಹೊತ್ತು ಊಟ ಮಾಡಲಿಲ್ಲ.

ಕಲಿಯುವವರ ಲೈಸೆನ್ಸು ಸುಲಭವಾಗಿಯೇ ಆಯಿತು. ರಸ್ತೆಯ ಚಿಹ್ನೆಗಳನ್ನು ತೋರಿಸಿ ಪ್ರಶ್ನೆ ಕೇಳಿದರು. ಅವುಗಳನ್ನು ದಿನವೂ ಬಾಯಲ್ಲಿ ಹೇಳುತ್ತಿದ್ದವಳಿಗೆ ಅದೇನು ದೊಡ್ಡದು?

ನಿಜವಾದ ಫಜೀತಿ ಶುರುವಾದದ್ದು ಬಾಯ್ಲರಿಗೆ ರಜೆ ಇರುವ ದಿನ, ಲಾಂಡ್ರಿಯ ಹಿಂದಿನ ಬಯಲಿನಲ್ಲಿ. ಗಂಡ ಖಾಲಿ ಡ್ರಮ್ಮುಗಳನ್ನು ನಿಲ್ಲಿಸಿ ದಾರಿ ಮಾಡಿದ್ದ. ಅವನು ಒಳ್ಳೆಯ ಡ್ರೈವರ್, ಕೆಟ್ಟ ಮೇಷ್ಟ್ರು. ಕ್ಲಚ್ಚು ಬಿಡುವಾಗ ಗಾಡಿ ಒಮ್ಮೆ ಜಗ್ಗಿದರೂ ತನ್ನ ಮೈಗೇ ಹೊಡೆದಂತೆ ಮುಖ ಕಿವಿಚುತ್ತಿದ್ದ. "ಲೇ, ಅದೇನು ಕಾಲಾ ಕೊರಡಾ? ನಿಧಾನಕ್ಕೆ ಬಿಡೇ" ಎಂದು ಕೂಗುತ್ತಿದ್ದ. ಅವಳು ಹಲ್ಲು ಕಚ್ಚಿ ಸಹಿಸಿದಳು. ಅವನ ಕೈಯಿಂದ ಅವನ ಅನ್ನವನ್ನೇ ಕಿತ್ತುಕೊಳ್ಳುತ್ತಿದ್ದೇನೆ, ಬೈಯಲಿ ಬಿಡು ಎಂದುಕೊಂಡಳು. ಗೇರು ಬಂತು. ಹಿಂದಕ್ಕೆ ಓಡಿಸುವುದು ಬಂತು. ಲೋಡು ಇಳಿಸುವ ಇಳಿಜಾರಿನಲ್ಲಿ ನಿಲ್ಲಿಸಿ, ಹಿಂದೆ ಜಾರದಂತೆ ಏರಿಸುವುದೂ ಬಂತು.

ಬಾರದ್ದು ಒಂದೇ. ಎದುರಿಗೆ ಡ್ರಮ್ಮು ಬಂದರೆ ಅವಳು "ಡ್ರಮ್ಮು, ನಿಲ್ಸಿ" ಎನ್ನುತ್ತಿದ್ದಳು, ಕಾಲು ಆಡುತ್ತಿರಲಿಲ್ಲ. ಇಷ್ಟು ಕಾಲ ಹೇಳುವುದು ಅವಳ ಕೆಲಸ, ಒತ್ತುವುದು ಅವನ ಕೆಲಸ ಆಗಿತ್ತು. ಹೇಳಿದ ಕೂಡಲೇ ಅವಳ ಮೈ, ಕೆಲಸ ಮುಗಿಯಿತೆಂದು ಸುಮ್ಮನಾಗಿಬಿಡುತ್ತಿತ್ತು. ಗಾಡಿ ಹೋಗಿ ಡ್ರಮ್ಮಿಗೆ ಗುದ್ದಿ ಅದು ಉರುಳಿದ ಮೇಲೆ ಅವಳಿಗೆ ಕಾಲಿನ ನೆನಪಾಗುತ್ತಿತ್ತು. ಮೊದಮೊದಲು ಇಬ್ಬರೂ ನಕ್ಕರು. "ಡ್ರಮ್ಮಿಗೇ ಹೇಳ್ತಿದೀಯೇನೇ ನಿಲ್ಲು ಅಂತ?" ಎಂದು ಅವನು ಎಷ್ಟೋ ದಿನದ ಮೇಲೆ ಬಾಯಿತುಂಬ ನಕ್ಕದ್ದನ್ನು ನೋಡಿ ಅವಳಿಗೆ ಖುಷಿಯೂ ಆಯಿತು. ಬರಬರುತ್ತಾ ನಗು ನಿಂತಿತು.

ಪರೀಕ್ಷೆಯ ದಿನ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದವನೂ ಅವನೇ. ಎಡಗಡೆ ಸೈಕಲ್, ಬಲಗಡೆ ಬಸ್ಸು ಎಂದು ಇವಳು ಹೇಳುತ್ತಾ, ಅವನು ಅರೆಗುರುಡು ಕಣ್ಣಿನಲ್ಲಿ ಓಡಿಸುತ್ತಾ, ಲೈಸೆನ್ಸು ಕೊಡುವ ಕಚೇರಿಯ ಅಂಗಳಕ್ಕೇ ನೆಟ್ಟಗೆ ಬಂದು ವ್ಯಾನು ನಿಲ್ಲಿಸಿದರು. ಕಚೇರಿಯವರು ಯಾರೂ ತಲೆ ಎತ್ತಲಿಲ್ಲ. ಅಷ್ಟು ಚೊಕ್ಕಟವಾಗಿ ನಿಲ್ಲಿಸಿದ್ದ ಅವನು.

ಇನ್ಸ್‌ಪೆಕ್ಟರು ದಪ್ಪ ಮೀಸೆಯ, ಹಗುರ ಬಾಯಿಯ ಮನುಷ್ಯ. ಕಂಬಗಳ ನಡುವೆ ಹಿಂದಕ್ಕೆ ಬಾ ಎಂದರು, ಬಂದಳು. ದಿಬ್ಬದ ಮೇಲೆ ನಿಲ್ಲಿಸು ಎಂದರು, ನಿಲ್ಲಿಸಿದಳು. ಆಮೇಲೆ ಅವಳ ಪಕ್ಕದಲ್ಲಿ ಕೂತು, ಅಂಗಳದ ಸುತ್ತ ಒಂದು ಸುತ್ತು ಹಾಕು ಎಂದರು. ಅರ್ಧ ಸುತ್ತು ಆಗಿರಬೇಕು. ಅಂಚೆಯವನೊಬ್ಬ ಸೈಕಲ್ ತಳ್ಳಿಕೊಂಡು ಎಡಗಡೆಯಿಂದ ಅಡ್ಡ ಬಂದ. ಎಲ್ಲರಿಗಿಂತ ಮೊದಲು ಕಂಡವಳು ಅವಳೇ.

"ಎಡಗಡೆ ಸೈಕಲ್, ನಿಲ್ಸಿ, ನಿಲ್ಸಿ, ರೀ, ನಿಲ್ಸೀ!" ಎಂದಳು.

ವ್ಯಾನು ಹೋಗುತ್ತಲೇ ಇತ್ತು. ಇನ್ಸ್‌ಪೆಕ್ಟರು ಹ್ಯಾಂಡ್ ಬ್ರೇಕ್ ಎಳೆದದ್ದರಿಂದ ಗಾಡಿ ಕೀರಲಿಟ್ಟು ಸೈಕಲ್ಲಿನ ಮುಂದೆ ನಿಂತಿತು. ಅಂಚೆಯವನು ಬಾಯಿಗೆ ಬಂದಂತೆ ಬೈದು ಹೋದ. ಇನ್ಸ್‌ಪೆಕ್ಟರಿಗೆ ಮೊದಲು ಗಾಬರಿಯಾಯಿತು, ಆಮೇಲೆ ಸಿಟ್ಟು ಬಂತು, ಕೊನೆಗೆ ನಗು ತಡೆಯಲಾಗಲಿಲ್ಲ.

"ಯಾರಿಗಮ್ಮಾ ಹೇಳ್ತಿದೀಯ ನಿಲ್ಸಿ ಅಂತ? ನನಗಾ? ಸ್ಟೇರಿಂಗ್ ಯಾರ ಕೈಲಿದೆ?"

ಅವಳು ತನ್ನ ಕೈಯಲ್ಲಿದ್ದ ಸ್ಟೇರಿಂಗನ್ನೇ ನೋಡಿದಳು. ಬೆವರು ಕಿತ್ತುಕೊಂಡಿತ್ತು.

"ಬ್ರೇಕ್ ಇರೋದು ಕಾಲ ಕೆಳಗೆ, ನಾಲಿಗೇಲಲ್ಲ. ಬಾಯಿಗೆ ಬೀಗ ಹಾಕ್ಕೊಂಡು ಮುಂದಿನ ಸಲ ಬಾ."

ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕರು. ಗಂಡ ಮರದ ನೆರಳಿನಲ್ಲಿ ನಿಂತಿದ್ದ. ನಕ್ಕವರ ಕಡೆಗೆ ಮುಖ ತಿರುಗಿಸಿ ಹುಡುಕಿದ. ಏನಾಯಿತೆಂದು ಅವನಿಗೆ ಕಂಡಿರಲಿಲ್ಲ, ಅವಳ ಧ್ವನಿ ಮಾತ್ರ ಕೇಳಿಸಿತ್ತು. ಅವಳು "ನಿಲ್ಸಿ" ಎಂದಾಗ ನೆರಳಿನಲ್ಲಿ ನಿಂತಿದ್ದ ತನ್ನ ಬಲಗಾಲು ನೆಲವನ್ನು ಒತ್ತಿತು ಎಂದು ಅವನು ಮನೆಗೆ ಹೋಗುವ ದಾರಿಯಲ್ಲಿ ಹೇಳಿದ. ಅದಕ್ಕೆ ಅವಳು ಅತ್ತಳು. ಅಳುತ್ತಲೇ ಎಡಗಡೆ ಲಾರಿ ಎಂದಳು, ಅಳುತ್ತಲೇ ಈಗ ಹೋಗಿ ಎಂದಳು.

ಬಾಯಿಗೆ ಬೀಗ ಹಾಕುವುದು ಹೇಗೆ? ಓಡಿಸುವಾಗ ಸುಮ್ಮನಿರಬೇಕಾದರೆ, ಪಕ್ಕದಲ್ಲಿ ಕೂತಾಗಲೂ ಸ್ವಲ್ಪ ಹೊತ್ತಾದರೂ ಸುಮ್ಮನಿರುವ ಅಭ್ಯಾಸವಾಗಬೇಕು ಎಂದು ಅವಳಿಗೆ ತೋರಿತು. ನೋಡಬೇಕು, ಹೇಳಬಾರದು, ಕಾಲು ಒತ್ತಬೇಕು. ಹಾಗೆಂದು ಗಂಡನಿಗೆ ಹೇಳಿದಳು.

ಅವನು ಯೋಚಿಸಿ, "ಗೋದಾಮು ರಸ್ತೇಲಿ ಮಾಡ್ಕೋ" ಎಂದ. "ನೆಟ್ಟಗಿರೋ ರಸ್ತೆ. ನಸುಕಲ್ಲಿ ನಾವು ಹೋಗೋ ಹೊತ್ತಿಗೆ ಅಲ್ಲಿ ನರಪಿಳ್ಳೆ ಇರಲ್ಲ. ಎದುರಿಗೆ ನನಗೆ ಕಾಣತ್ತೆ. ಅಷ್ಟು ದೂರ ನೀನು ಸುಮ್ನಿದ್ರೆ ಏನೂ ಆಗಲ್ಲ."

ಅದು ಸರಿಯೆಂದು ಅವಳಿಗೂ ಅನ್ನಿಸಿತು. ಇದನ್ನು ನೆನಪಿಟ್ಟುಕೊಳ್ಳಬೇಕು. ಹೇಳಿದವನು ಅವನು, ಒಪ್ಪಿದವಳು ಅವಳು.

ಒಗೆದ ಬಟ್ಟೆಯನ್ನು ಆಸ್ಪತ್ರೆಗೆ ತಲುಪಿಸುವುದು ಬೆಳಗಿನ ನಸುಕಿನಲ್ಲಿ. ಎರಡೂ ಕಡೆ ಗೋದಾಮುಗಳ ಉದ್ದನೆಯ ಗೋಡೆ, ಮುಚ್ಚಿದ ಶಟರ್‌ಗಳು, ಅಲ್ಲಲ್ಲಿ ಒಂದು ಮಂಕು ದೀಪ. ರಸ್ತೆಗೆ ತಿರುಗಿದ ಕೂಡಲೇ ಅವಳು ತುಟಿ ಬಿಗಿಹಿಡಿಯುತ್ತಿದ್ದಳು. ಕಾಲಡಿಯ ರಬ್ಬರ್ ಮ್ಯಾಟಿನ ಮೇಲೆ ಬ್ರೇಕ್ ಇದೆ ಎಂದುಕೊಂಡು, ಕಾಗದದ ಚೂರು ಹಾರಿದರೂ ಬಲಗಾಲು ಒತ್ತುತ್ತಿದ್ದಳು. ಮೊದಲ ದಿನ ಗಂಟಲಲ್ಲಿ ಮಾತು ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಆಮೇಲಾಮೇಲೆ ಹಾಯೆನಿಸತೊಡಗಿತು. ಇಷ್ಟು ಕಾಲದಲ್ಲಿ ಆ ವ್ಯಾನಿನೊಳಗೆ ಅವಳಿಗೆ ವಿಶ್ರಾಂತಿ ಅಂತ ಸಿಕ್ಕಿದ್ದು ಆ ರಸ್ತೆಯಲ್ಲಿ ಮಾತ್ರ.

ಹಾಯೆನಿಸಿದ್ದೇ ಕೆಟ್ಟದ್ದಾಯಿತು. ಒಂದು ದಿನ ಅವಳು ಕಣ್ಣನ್ನೂ ಮುಚ್ಚಿದಳು. ನಿದ್ದೆಗಲ್ಲ. ಪರೀಕ್ಷೆಯ ಅಂಗಳವನ್ನು ಮನಸ್ಸಿನಲ್ಲಿ ತಂದುಕೊಂಡು, ಕ್ಲಚ್ಚು, ಗೇರು, ಕನ್ನಡಿ, ಸೈಕಲ್, ಬ್ರೇಕು ಎಂದು ಮೊದಲಿನಿಂದ ಕೊನೆಯವರೆಗೆ ಓಡಿಸಿ ನೋಡುತ್ತಿದ್ದಳು. ಸೈಕಲ್ಲಿನ ಹತ್ತಿರ ಕಾಲನ್ನು ಬಲವಾಗಿ ಒತ್ತಿದಳು. ಅದೇ ಹೊತ್ತಿಗೆ ವ್ಯಾನಿನ ಎಡಭಾಗ ಏನನ್ನೋ ಬಡಿಯಿತು. ಚಕ್ರ ಸ್ವಲ್ಪ ಎದ್ದು ಇಳಿಯಿತು.

ಕಣ್ಣು ಬಿಟ್ಟಳು. ಎದುರಿಗೆ ಖಾಲಿ ರಸ್ತೆ. ಹಿಂತಿರುಗಿ ನೋಡಿದರೆ ಬೆನ್ನ ಹಿಂದೆ ಮಾಡಿನವರೆಗೆ ಬಿಳಿ ಮೂಟೆಗಳು.

"ಏನ್ರೀ ಅದು?"

"ಗುಂಡಿ."

"ಇಲ್ಲಿ ಗುಂಡಿ ಇರ್ಲಿಲ್ವಲ್ಲಾ."

"ಪೈಪ್ ಹಾಕೋಕೆ ಅಗೆದಿರ್ತಾರೆ. ಕಣ್ಣು ಬಿಟ್ಕೊಂಡು ಕೂತಿದ್ರೆ ನಿನಗೇ ಕಾಣ್ತಿತ್ತು."

ಆ ಮಾತು ನಾಟಿತು. "ನಿಲ್ಸಿ ನೋಡೋಣ್ವಾ?" ಎಂದಳು, ಅರ್ಧ ಮನಸ್ಸಿನಿಂದ.

"ಆಪರೇಷನ್ ಬಟ್ಟೆ ಇದೆ. ಹೊತ್ತಾಗತ್ತೆ."

ರಸ್ತೆಯ ಮೇಲಿನ ಕಾಗದದ ಚೂರನ್ನೂ ಬಿಡದೆ ಹೇಳುತ್ತಿದ್ದವಳು ಅವತ್ತು ಇನ್ನೊಂದು ಮಾತು ಆಡಲಿಲ್ಲ. ಗುಂಡಿ ಎಂದ ಮೇಲೆ ಗುಂಡಿಯೇ ಇರಬೇಕು ಎಂದುಕೊಂಡಳು. ಹಾಗೆಂದುಕೊಳ್ಳುವುದು ಅವಳಿಗೆ ಬೇಕಾಗಿತ್ತು. ಆಸ್ಪತ್ರೆಯಲ್ಲಿ ಮೂಟೆ ಇಳಿಸುವಾಗ ಎಡಗಡೆಯ ಇಂಡಿಕೇಟರಿನ ಗಾಜು ಒಡೆದಿರುವುದು ಕಂಡಿತು. ಮೊನ್ನೆ ಇಳಿಜಾರಿನ ಕಂಬಕ್ಕೆ ತಗುಲಿತ್ತಲ್ಲ ಎಂದ ಅವನು. ಅವಳಿಗೆ ಅಂಥದ್ದೇನೂ ನೆನಪಿರಲಿಲ್ಲ. "ಹೌದಲ್ವಾ" ಎಂದಳು. ಮೂಟೆಗಳಿಗೆ ಸುತ್ತುವ ಟೇಪು ತಂದು ತಾನೇ ಒಡೆದ ಗಾಜಿಗೆ ಅಂಟಿಸಿದಳು.

ಮಾರನೆಯ ದಿನದಿಂದ ಅವನು ಗೋದಾಮು ರಸ್ತೆ ಬಿಟ್ಟು ಸುತ್ತುಬಳಸಿನ ಮಾರ್ಕೆಟ್ ರಸ್ತೆ ಹಿಡಿದ. ಗುಂಡಿಗೆ ಬಿದ್ದು ಆಕ್ಸೆಲ್ ಮುರಿದರೆ ಯಜಮಾನನಿಗೆ ಯಾರು ಉತ್ತರ ಕೊಡೋದು ಎಂದ. ಮಾರ್ಕೆಟ್ ರಸ್ತೆಯಲ್ಲಿ ಆ ಹೊತ್ತಿಗೂ ಜನ, ಕೈಗಾಡಿ, ತರಕಾರಿ ಬುಟ್ಟಿ. ಅವಳು ಮತ್ತೆ ರೇಡಿಯೋ ಆದಳು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಮೌನದ ಪಾಠವನ್ನು ಹಿಂದಿನ ಬಯಲಿನಲ್ಲಿ ಮುಂದುವರಿಸಿದಳು. ಗಂಡ ಪಕ್ಕದಲ್ಲಿ ಕೂತರೂ ಈಗ ಬೈಯುತ್ತಿರಲಿಲ್ಲ. ಅವನು ಬೈಯುವುದನ್ನು ಯಾವಾಗ ಬಿಟ್ಟ ಎಂದು ಅವಳು ಆಗ ಯೋಚಿಸಲಿಲ್ಲ.

ಎರಡನೆಯ ಸಲ ಅದೇ ಇನ್ಸ್‌ಪೆಕ್ಟರು. ಅವಳ ಮುಖ ಮರೆತಿರಲಿಲ್ಲ, ಕೂತ ಕೂಡಲೇ ಹ್ಯಾಂಡ್ ಬ್ರೇಕಿನ ಮೇಲೆ ಕೈಯಿಟ್ಟುಕೊಂಡರು. ಅಂಗಳದ ತಿರುವಿನಲ್ಲಿ ಒಬ್ಬ ಮುದುಕ ಕೊಡೆ ಊರಿಕೊಂಡು ಅಡ್ಡ ಬಂದ. ಅವಳ ತುಟಿ ಅಲುಗಲಿಲ್ಲ, ಕಾಲು ಒತ್ತಿತು. ವ್ಯಾನು ಮೆತ್ತಗೆ ನಿಂತಿತು. ಮುದುಕ ತನಗಾಗಿ ಗಾಡಿ ನಿಂತದ್ದೇ ಗೊತ್ತಿಲ್ಲದವನಂತೆ ದಾಟಿ ಹೋದ.

"ನಾಲಿಗೆ ಎಲ್ಲಿಟ್ಟು ಬಂದೆಯಮ್ಮಾ?" ಎಂದರು ಇನ್ಸ್‌ಪೆಕ್ಟರು.

"ಮನೇಲಿ ಸಾರ್" ಎಂದಳು. ಅವರು ಜೋರಾಗಿ ನಕ್ಕು ಪಾಸು ಮಾಡಿದರು.

ಲೈಸೆನ್ಸು ಅಂಚೆಯಲ್ಲಿ ಬಂದ ದಿನ ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಫೋಟೋದಲ್ಲಿ ಕಳ್ಳಿ ಥರ ಕಾಣ್ತೀಯ" ಎಂದರು. ಮಗನ ಕೆಲಸ ಸೊಸೆಗೆ ಯಾಕೆ ಹೋಯಿತೆಂದು ಅವರಿಗೆ ಇನ್ನೂ ಅರ್ಥವಾಗಿರಲಿಲ್ಲ. ಅವನಿಗೆ ಬೆನ್ನುನೋವು ಎಂದು ಗಂಡ ಹೆಂಡತಿ ಹೇಳಿದ್ದರು. ಬೆನ್ನುನೋವು ಇರುವವನು ಮೂಟೆ ಹೇಗೆ ಹೊರುತ್ತಾನೆ ಎಂದು ಅವರು ಕೇಳಲಿಲ್ಲ, ಪುಣ್ಯ.

ಮಾರನೆಯ ನಸುಕಿನಲ್ಲಿ ಇಬ್ಬರೂ ಸೀಟು ಬದಲಾಯಿಸಿದರು. ಅವನು ಎಡಗಡೆಯ ಬಾಗಿಲು ತಡಕಿ ಹತ್ತಿದ. ಸೀಟು ಅವಳ ಅಳತೆಗೆ ತಗ್ಗಿತ್ತು, ಅವನ ಮಂಡಿ ಡ್ಯಾಶ್‌ಬೋರ್ಡಿಗೆ ತಾಗುತ್ತಿತ್ತು. ಅವಳು ಸ್ಟೇರಿಂಗ್ ಹಿಡಿದಾಗ ಅದು ಅವನ ಅಂಗೈಯ ಜಾಗದಲ್ಲಿ ಸವೆದು ನುಣುಪಾಗಿತ್ತು. ಸಂತೋಷವಾಗಬೇಕಿತ್ತು, ಆಯಿತು ಕೂಡ. ಕೊನೆಗೂ ಏನಾದರೂ ಆಗುವ ಮೊದಲೇ ಈ ಸೀಟಿಗೆ ಬಂದೆ ಎಂದು ಎದೆಯ ಮೇಲಿನ ಕಲ್ಲು ಇಳಿಸಿದಂತಾಗಿತ್ತು ಅವಳಿಗೆ. ಆಸ್ಪತ್ರೆಗೆ ಮಾರ್ಕೆಟ್ ರಸ್ತೆಯಲ್ಲೇ ಹೋದಳು. ಗೇಟಿನ ಸೆಕ್ಯುರಿಟಿ ಎದ್ದು ನಿಂತು ಸಲ್ಯೂಟ್ ಹೊಡೆದ. ಒಗೆದದ್ದನ್ನು ಇಳಿಸಿ, ಒಗೆಯಬೇಕಾದದ್ದನ್ನು ತುಂಬಿಕೊಂಡು ಹೊರಟಾಗ ಬೆಳಕು ಚೆನ್ನಾಗಿ ಹರಿದಿತ್ತು. ಮಾರ್ಕೆಟ್ಟಿನಲ್ಲಿ ಈಗ ಕಾಲಿಡಲು ಜಾಗವಿರುವುದಿಲ್ಲ. ಅವಳು ಗೋದಾಮು ರಸ್ತೆಗೆ ತಿರುಗಿಸಿದಳು.

ಅವನಿಗೆ ತಿರುವಿನ ಓಲಾಟದಲ್ಲೇ ಗೊತ್ತಾಯಿತು. "ಈ ಕಡೆ ಯಾಕೆ? ಗುಂಡಿ ಇದೆ."

"ನೋಡ್ಕೊಂಡು ಹೋಗ್ತೀನಿ ಬಿಡಿ. ಹಗಲಲ್ವಾ."

"ಬೇಡ ಕಣೇ. ತಿರುಗ್ಸು."

ಅವಳು ವೇಗ ತಗ್ಗಿಸಿ, ಎಡಗಡೆಯ ಅಂಚನ್ನೇ ನೋಡುತ್ತಾ ಹೋದಳು. ಗುಂಡಿಗಾಗಿ ಹುಡುಕುತ್ತಾ ಹೋದಳು. ರಸ್ತೆ ಹಲಗೆಯಂತೆ ನುಣುಪಾಗಿತ್ತು. ಗುಂಡಿ ಇರಲಿಲ್ಲ, ಮುಚ್ಚಿದ ಗುಂಡಿಯ ತೇಪೆಯೂ ಇರಲಿಲ್ಲ. ಹಳೆಯ ಡಾಂಬರು, ಈ ತುದಿಯಿಂದ ಆ ತುದಿಯವರೆಗೆ ಒಂದೇ ಬಣ್ಣ. ಒಂದು ದೀಪದ ಕಂಬದ ಹತ್ತಿರ ವ್ಯಾನು ನಿಲ್ಲಿಸಿ ಇಳಿದಳು. ಅವನು ಇಳಿಯಲಿಲ್ಲ.

ಗೋದಾಮಿನ ಕಾವಲುಗಾರ ಸ್ಟೂಲಿನ ಮೇಲೆ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದ. ರಾತ್ರಿಯ ಪಾಳಿ ಮುಗಿದಿತ್ತು.

"ಅಣ್ಣಾ, ಇಲ್ಲಿ ಎಲ್ಲೋ ಗುಂಡಿ ತೆಗೆದಿದ್ರಂತಲ್ಲ, ಪೈಪಿಗೆ?"

"ಗುಂಡಿನಾ? ಇಲ್ಲಿ? ಯಾರಕ್ಕಾ ನಿಮಗೆ ಹೇಳಿದ್ದು?" ಎಂದ ಅವನು. "ಈ ರಸ್ತೆಗೆ ಒಂದು ಗುದ್ದಲಿ ಬಿದ್ದಿಲ್ಲ. ಚೆನ್ನಾಗಿದೆ ಅಂತಾನೇ ನನ್ಮಕ್ಳು ಕಣ್ಣು ಮುಚ್ಕೊಂಡು ಹೊಡೀತಾರೆ. ಹೋದ ತಿಂಗಳು ಅದೇ ಆಗಿದ್ದು."

ಏನಾಗಿದ್ದು ಎಂದು ಅವಳು ಕೇಳುವ ಅಗತ್ಯವಿರಲಿಲ್ಲ, ಮಾತಿಗೆ ಜನ ಸಿಗದೆ ರಾತ್ರಿಯೆಲ್ಲ ಕೂತವನು ಅವನು.

"ಬೆಳಿಗ್ಗೆ ಕಸ ಗುಡಿಸೋಕೆ ಒಬ್ಬಮ್ಮ ಬರ್ತಿದ್ಲು. ಈ ಕಂಬದ ಕೆಳಗೇ ಗುಡಿಸ್ತಿದ್ಲು, ರಸ್ತೆಗೆ ಬೆನ್ನು ಹಾಕ್ಕೊಂಡು. ಯಾವನೋ ಹೊಡ್ಕೊಂಡು ಹೋದ. ನಾನು ಒಳಗಿದ್ದೆ, ಸದ್ದು ಕೇಳ್ತು. ಯಾವುದೋ ಲಾರಿ ಹಿಂಬಾಗಿಲು ಬಡ್ಕೊಂಡಿರತ್ತೆ ಅಂದ್ಕೊಂಡೆ. ಬೆಳಕಾದ್ಮೇಲೆ ನೋಡ್ತೀನಿ, ಚರಂಡಿ ಪಕ್ಕ ಬಿದ್ದಿದಾಳೆ. ಅಲ್ಲೀವರೆಗೂ ಉಸಿರಿತ್ತಕ್ಕಾ. ಆಸ್ಪತ್ರೆಗೆ ಹಾಕಿದ್ರು. ಉಳೀಲಿಲ್ಲ. ಆಗ್ಲೇ ತಂದಿದ್ರೆ ಉಳೀತಿದ್ಲು ಅಂದ್ರಂತೆ ಡಾಕ್ಟ್ರು. ನಿಲ್ಲಿಸ್ಲೂ ಇಲ್ಲ ನೋಡಿ, ಎಂಥಾ ಪಾಪಿ ಇರ್ಬೇಕು."

ಅವಳು ಕಂಬ ಹಿಡಿದುಕೊಂಡಳು. ಆ ವಾರ ಆಸ್ಪತ್ರೆಯಿಂದ ತಂದ ಮೂಟೆಗಳಲ್ಲಿ ಅಪಘಾತದ ವಾರ್ಡಿನದೂ ಇತ್ತು. ಬಿಚ್ಚಿ, ಮಣ್ಣು ಇರುವುದನ್ನು ನೋಡಿ, ಪಕ್ಕಕ್ಕೆ ಹಾಕಿದವಳು ತಾನೇ. ಯಾರೋ ಪಾಪ ಅಂದುಕೊಂಡಿದ್ದಳು. ಬಾಯಿ ಬಿಟ್ಟು ಅಂದೂ ಇದ್ದಳು.

ವ್ಯಾನಿಗೆ ಬಂದು ಕೂತಾಗ ಅವನು ಎದುರಿನ ಗಾಜನ್ನೇ ನೋಡುತ್ತಿದ್ದ. "ಏನಂದ?" ಎಂದ.

"ಗುಂಡಿ ಇಲ್ವಂತೆ."

ಅವನಿಗೆ ಗೊತ್ತಿತ್ತೇ? ಪೂರ್ತಿ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳದಿರುವಷ್ಟು ಗೊತ್ತಿತ್ತು. ಅವಳಿಗೂ ಅಷ್ಟೇ. ಅವನು ರಸ್ತೆ ಬದಲಾಯಿಸಿದ, ಅವಳು ಟೇಪು ಅಂಟಿಸಿದಳು. ಅವನ ಮೇಲೆ ಕೆಂಡದಂಥ ಸಿಟ್ಟು ಬಂತು. ಆ ಸಿಟ್ಟನ್ನು ಹಾಕಲು ಜಾಗ ಸಿಗದೆ ಅದು ತಿರುಗಿ ತನ್ನ ಮೇಲೇ ಬಂತು. ಅವನಿಗೆ ಕಾಣುತ್ತಿರಲಿಲ್ಲ. ಕಾಣುವ ಕಣ್ಣಿದ್ದವಳು ತಾನು, ಮುಚ್ಚಿಕೊಂಡು ಕೂತಿದ್ದಳು, ಇದೇ ಲೈಸೆನ್ಸಿಗಾಗಿ.

"ನಾನು ಹೇಳ್ಬೇಕಿತ್ತು" ಎಂದ ಅವನು. "ನಿಲ್ಲಿಸ್ಬೇಕಿತ್ತು. ಕೈಕಾಲು ಬರ್ಲಿಲ್ಲ ಕಣೇ."

ಅವಳು ಗೇರು ಹಾಕಿದಳು. ರಸ್ತೆ ಮುಗಿದು ವೃತ್ತ ಬಂತು. ಅಲ್ಲಿಂದ ಎಡಕ್ಕೆ ಹೋದರೆ ಲಾಂಡ್ರಿ, ಬೆಚ್ಚಗಿನ ಗೋಡೆ, ಅತ್ತೆಯ ಮಂಚ. ಬಾಯ್ಲರು ಇಷ್ಟು ಹೊತ್ತಿಗೆ ಉರಿಯುತ್ತಿರುತ್ತದೆ, ಮೂಟೆಗಾಗಿ ಕಾಯುತ್ತಿರುತ್ತಾರೆ. ಅವಳು ಬ್ರೇಕ್ ಒತ್ತಿ ಒಂದು ಬಸ್ಸಿಗೆ ದಾರಿ ಬಿಟ್ಟಳು, ಕನ್ನಡಿ ನೋಡಿದಳು, ಬಲಕ್ಕೆ ತಿರುಗಿಸಿದಳು. ಇನ್ಸ್‌ಪೆಕ್ಟರು ನೋಡಿದ್ದರೆ ಒಂದು ತಪ್ಪು ತೆಗೆಯುವ ಹಾಗಿರಲಿಲ್ಲ.

ಅವನ ಮೈ ಎಡಕ್ಕೆ ವಾಲಿತು. "ಎಲ್ಲಿಗೆ?" ಎಂದ. ಗೊತ್ತಿದ್ದೂ ಕೇಳಿದ. "ಅವ್ವನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀಯ? ಇರೋ ಮನೆ ಹೋಗತ್ತೆ."

"ಹೋಗತ್ತೆ."

"ನನ್ನೊಬ್ಬನ್ನೇ ಬಿಟ್ಟು ಬಾ ಹಾಗಾದ್ರೆ. ನೀನು ಓಡಿಸ್ಕೊಂಡಿರು."

"ನಾನೂ ಹೇಳೋದಿದೆ. ನಾನು ಕಣ್ಣು ಮುಚ್ಕೊಂಡಿದ್ದೆ ಅಂತ ನಾನೇ ಹೇಳ್ಬೇಕು."

ಅವನು ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹೊಸ ರಸ್ತೆ, ಅವನಿಗೆ ಪಕ್ಕದ್ದೇನೂ ಕಾಣುತ್ತಿರಲಿಲ್ಲ. ಅವನು ಹೆದರಿದ್ದ. ಪರೀಕ್ಷೆಗೆಂದು ಅವಳು ಬಾಯಿಗೆ ಹಾಕಿಕೊಂಡಿದ್ದ ಬೀಗ ತಾನಾಗಿ ಬಿಚ್ಚಿಕೊಂಡಿತು.

"ಎಡಗಡೆ ಔಷಧದ ಅಂಗಡಿ, ಇನ್ನೂ ತೆಗೆದಿಲ್ಲ" ಎಂದಳು. "ಶಾಲೆ ಮಕ್ಕಳು ದಾಟ್ತಿದಾರೆ, ನಿಲ್ಸಿದೀನಿ. ಹೂಂ, ದಾಟಿದ್ರು. ಮುಂದೆ ಖಾಲಿ. ಬಲಗಡೆ ಪೊಲೀಸ್ ಸ್ಟೇಷನ್ನು. ಗೇಟು ತೆಗೆದಿದೆ. ಒಳಗೆ ಹೋಗ್ತಿದೀನಿ."

ಅವನ ಬಲಗಾಲು ಕೆಳಗಿನ ರಬ್ಬರ್ ಮ್ಯಾಟನ್ನು ಬಲವಾಗಿ ಒತ್ತುತ್ತಿತ್ತು. ಆ ಕಡೆ ಬ್ರೇಕ್ ಇರಲಿಲ್ಲ.